ಜೈರ್ ಅನ್ನುವ ದೇಶ ಇಲ್ಲ

ನಮ್ಮ ಮನೆಯಲ್ಲಿ ಪ್ರಪಂಚ ಬಚ್ಚಲಲ್ಲಿತ್ತು. ಲಂಡನ್ನಿನ ಹೇಸ್‌ನ ಸಾಲುಮನೆಗಳ ನಡುವೆ ಬಾಡಿಗೆಗೆ ಹಿಡಿದ ಆ ಮನೆಯ ಬಚ್ಚಲಿಗೆ ಅಮ್ಮ ಹಳೇ ಸಾಮಾನು ಮಾರುವ ಯಾವುದೋ ಕಾರ್ ಬೂಟ್ ಸೇಲಿನಿಂದ ಒಂದು ಪ್ಲಾಸ್ಟಿಕ್ ಪರದೆ ತಂದು ಕಟ್ಟಿದ್ದಳು. ಅದರ ಮೇಲೆ ಇಡೀ ಜಗತ್ತಿನ ಭೂಪಟ ಅಚ್ಚಾಗಿತ್ತು. ಗ್ರೀನ್‌ಲ್ಯಾಂಡಿನಲ್ಲಿ ಒಂದು ತೂತು, ಆಸ್ಟ್ರೇಲಿಯಾದ ತುಂಬ ಬೂಸ್ಟು, ಭಾರತದ ಮೇಲೆ ಅಪ್ಪಯ್ಯನ ತಲೆ ಎಣ್ಣೆಯ ಕಲೆ. ನಾನು ಟಬ್ಬಿನಲ್ಲಿ ಕೂತರೆ ಸರಿಯಾಗಿ ಮೂಗಿನೆದುರು ಬರುತ್ತಿದ್ದದ್ದು ಆಫ್ರಿಕಾದ ಹೊಟ್ಟೆ. ಆ ಹೊಟ್ಟೆಯ ನಡುವೆ ತಿಳಿಹಸಿರು ಬಣ್ಣದ ದೊಡ್ಡದೊಂದು ದೇಶ, ಹೆಸರು ಜೈರ್. ಹತ್ತು ವರ್ಷದವರೆಗೆ ನನ್ನ ಭೂಗೋಳಜ್ಞಾನವೆಲ್ಲ ಈ ಪರದೆಯದ್ದೇ. ಸೋಪು ಹಚ್ಚಿಕೊಳ್ಳುವಾಗ ಕಾಣುವ ದೇಶಗಳೆಲ್ಲ ಬಾಯಿಪಾಠ. ನಲ್ಲಿಯ ಹಿಂದೆ ಮಡಚಿಹೋಗುತ್ತಿದ್ದ ದಕ್ಷಿಣ ಅಮೆರಿಕದ ಬಗ್ಗೆ ಇವತ್ತಿಗೂ ನನ್ನನ್ನು ಏನೂ ಕೇಳಬೇಡಿ.

ಬಚ್ಚಲು ಬಿಟ್ಟರೆ ಮನೆಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಕೆಳಗಿನ ಮುಂಕೋಣೆಯಲ್ಲಿ ಅಜ್ಜಿ ಮತ್ತು ನಾನು. ಅಜ್ಜಿಯ ಗೊರಕೆಗೆ ಕಿಟಕಿಯ ಗಾಜು ನಡುಗುತ್ತಿತ್ತು ಎಂದರೆ ನೀವು ನಂಬುವುದಿಲ್ಲ, ನಂಬಬೇಡಿ, ಸ್ವಲ್ಪ ಮಾತ್ರ ನಡುಗುತ್ತಿತ್ತು. ಮೇಲೆ ಅಪ್ಪಯ್ಯ, ಅಮ್ಮ. ಮೆಟ್ಟಿಲು ಮುಗಿಯುವಲ್ಲಿ ಒಂದು ಪುಟ್ಟ ಕೋಣೆ. ಮಂಚ ಹಾಕಿದರೆ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಆ ಕೋಣೆ ನನಗೆ ಬೇಕೆಂದು ನಾನು ಹಟ ಹಿಡಿದಿದ್ದೆ. ಅಪ್ಪಯ್ಯ ಅದನ್ನು ಎಮಿಲ್ ಅಂಕಲ್‌ಗೆ ಬಾಡಿಗೆಗೆ ಕೊಟ್ಟರು. ಪಾರ್ಕ್ ರಾಯಲ್‌ನ ಕುರುಕಲು ತಿಂಡಿಯ ಕಾರ್ಖಾನೆಯಲ್ಲಿ ಅಪ್ಪಯ್ಯ ಎಣ್ಣೆ ಬಾಣಲೆಯ ಮುಂದೆ, ಎಮಿಲ್ ಅಂಕಲ್ ಪ್ಯಾಕಿಂಗ್ ಬೆಲ್ಟಿನ ಮುಂದೆ. ಇಬ್ಬರೂ ಸಂಜೆ ಒಂದೇ ಬಸ್ಸಿನಲ್ಲಿ, ಒಂದೇ ಕರಿದೆಣ್ಣೆ ವಾಸನೆ ಹೊತ್ತುಕೊಂಡು ಬರುತ್ತಿದ್ದರು. ಅಂಕಲ್ ಎತ್ತರದ ಮನುಷ್ಯ, ಐವತ್ತು ದಾಟಿದವರು, ಕಾಂಗೊ ದೇಶದವರು. ಮನೆಯೊಳಗೂ ಕೋಟು ಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದರು.

ಅವರಿಗೂ ಅಮ್ಮನಿಗೂ ಮೊದಲ ಜಗಳ ಅಡುಗೆಮನೆಯಲ್ಲಿ ಆಯಿತು, ಎರಡನೇ ದಿನವೇ. ಅವರು ಡಬ್ಬಿಯಿಂದ ಉಪ್ಪುಮೀನು ತೆಗೆದು ಒಲೆಗಿಟ್ಟರು. ಕುಂದಾಪುರದಿಂದ ಒಣ ಸಿಗಡಿಯನ್ನು ಸೀರೆಯೊಳಗೆ ಸುತ್ತಿ ವಿಮಾನ ಹತ್ತಿಸಿದ ನಮ್ಮಮ್ಮ ಮೂಗು ಮುಚ್ಚಿಕೊಂಡಳು.

"ಇದೆಂತ ವಾಸ್ನೆ ಮರಾಯ್ರೆ! ಮನಿಯಗೆ ದೇವ್ರಿದ್ದ!"

ಅಂಕಲ್ ಅಮ್ಮನ ಸಿಗಡಿ ಡಬ್ಬಿಯ ಮುಚ್ಚಳ ತೆಗೆದು, ಮೂಸಿ, ಕಣ್ಣು ಮುಚ್ಚಿಕೊಂಡು, "ಆಹಾ" ಎಂದರು. ಜಗಳ ಅಲ್ಲಿಗೆ ಮುಗಿಯಿತು. ಆಮೇಲೆ ಶನಿವಾರ ಇಬ್ಬರ ಮೀನೂ ಒಟ್ಟಿಗೆ ಬೇಯುತ್ತಿತ್ತು, ಪಕ್ಕದ ಮನೆಯವರು ಗೋಡೆ ಬಡಿಯುತ್ತಿದ್ದರು, ಅಜ್ಜಿ ಈ ಕಡೆಯಿಂದ ಊರುಗೋಲಿನಲ್ಲಿ ತಿರುಗಿ ಬಡಿಯುತ್ತಿದ್ದಳು.

ಅವರ ಕತೆ ನಮಗೆ ಗೊತ್ತಾದದ್ದು ಆ ಪರದೆಯಿಂದಲೇ. ಒಂದು ಬೆಳಿಗ್ಗೆ ಅವರು ಬಚ್ಚಲಿನಿಂದ ಹೊರಗೆ ಬರಲೇ ಇಲ್ಲ. ನನಗೆ ಸ್ಕೂಲಿಗೆ ತಡವಾಗಿ, ಬಾಗಿಲು ಒದ್ದು, ಅಜ್ಜಿಯನ್ನೂ ಕರೆದು ತಂದು ಒದೆಸುವುದರಲ್ಲಿದ್ದೆ. ಬಾಗಿಲು ತೆರೆದಾಗ ಅಂಕಲ್ ಹಲ್ಲುಜ್ಜುವ ಬ್ರಷ್ಷನ್ನು ಆಫ್ರಿಕಾದ ಹೊಟ್ಟೆಗೆ ಮುಟ್ಟಿಸಿಕೊಂಡು ನಿಂತಿದ್ದರು. ನಾನಾಗ ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗು. ಅಂಕಲ್ ಜೊತೆಗಂತೂ ಎಲ್ಲರದ್ದೂ ಇಂಗ್ಲಿಷೇ. ಅದನ್ನೆಲ್ಲ ಇಲ್ಲಿ ಕನ್ನಡ ಮಾಡಿದ್ದೇನೆ.

"ಈ ಪರದೆ ಹಳೆಯದು," ಎಂದರು ಅವರು. "ಈ ಹೆಸರಿನ ದೇಶದಲ್ಲಿ ನಾನು ಮದುವೆಯಾದೆ. ಈಗ ಅದು ಇಲ್ಲ."

"ಯುದ್ಧದಲ್ಲಿ ಹೋಯ್ತಾ?"

"ಇಲ್ಲ. ಅಲ್ಲೇ ಇದೆ. ಹೆಸರು ಮಾತ್ರ ಹೋಯಿತು."

ಸಂಜೆ ಇದನ್ನು ಅಜ್ಜಿಗೆ ಹೇಳಿದರೆ ಅವಳಿಗೆ ಏನೇನೂ ಆಶ್ಚರ್ಯವಾಗಲಿಲ್ಲ. ಬೆಳ್ಳುಳ್ಳಿ ಸುಲಿಯುತ್ತಲೇ ಹೇಳಿದಳು:

"ನಾ ಹುಟ್ಟುಕಾರೆ ನಮ್ದ್ ಮದ್ರಾಸ್ ಅಂಬ್ರ್. ಮದಿ ಆಪ್ಕಾರೆ ಮೈಸೂರ್. ನಿನ್ನಪ್ಪಯ್ಯ ನಡೂಕೆ ಕಲ್ತದ್ದ್ ಕರ್ನಾಟಕದಗೆ. ನಾ ಎಲ್ಲಿಗೂ ಹೋಯ್ಲಿಲ್ಲ ಮರಾಯ್ತಿ, ಅದೇ ಬಾವಿ ನೀರೇ ಕುಡ್ಕಂಡ್ ಇದ್ದಿದ್ದೆ."

ನಾನು ಇದನ್ನು ಅಂಕಲ್‌ಗೆ ದಾಟಿಸಿದೆ. ಅವರು ಎದ್ದು ಬಂದು ಅಜ್ಜಿಯ ಕೈ ಕುಲುಕಿದರು. ಅಂದಿನಿಂದ ಇಬ್ಬರದ್ದೂ ಒಂದು ಆಟ. ಮೆಟ್ಟಿಲಲ್ಲಿ ಎದುರಾದಾಗ ಅವರು "ಮದ್ರಾಸ್" ಎನ್ನಬೇಕು, ಅಜ್ಜಿ, ಅಂಕಲ್ ಹುಟ್ಟಿದಾಗ ಅವರ ದೇಶಕ್ಕಿದ್ದ ಹೆಸರು, "ಬೆಲ್ಜಿಯಂ ಕಾಂಗೊ" ಎನ್ನಬೇಕು. ಅವರು "ಮೈಸೂರು" ಎಂದರೆ ಇವಳು "ಜೈರ್". ಇಬ್ಬರ ನಡುವೆ ಒಂದು ಭಾಷೆ ಇರಲಿಲ್ಲ, ನಗು ಮಾತ್ರ ಚೆನ್ನಾಗಿ ಬರುತ್ತಿತ್ತು.

ಅಂಕಲ್‌ಗೆ ಒಬ್ಬಳೇ ಮಗಳು, ಬಿಲೋಂದಾ. ಹೆಂಡತಿ ತೀರಿಹೋಗಿದ್ದರು. ಹುಡುಗಿ ಅಲ್ಲಿನ ರಾಜಧಾನಿ ಕಿನ್ಶಾಸದಲ್ಲಿ ವಯಸ್ಸಾದ ದೊಡ್ಡಮ್ಮನ ಜೊತೆ ಇದ್ದಳು. ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಅಡುಗೆಮನೆಯಿಂದ ಫೋನು. ಅವಳು ಮನೆಯ ಬಗ್ಗೆ ಕೇಳುತ್ತಿದ್ದಳಂತೆ, ಮೆಟ್ಟಿಲು ಎಷ್ಟು, ಕಿಟಕಿಯಿಂದ ಏನು ಕಾಣುತ್ತದೆ, ಹತ್ತಿರ ಕಾಲೇಜು ಇದೆಯಾ. ಅಂಕಲ್ ಎದ್ದುಹೋಗಿ ಮೆಟ್ಟಿಲು ಎಣಿಸಿ ಬಂದು ಹೇಳುತ್ತಿದ್ದರು. ಅವಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಬೇಕು, ಅವಳಿಗೆ ಹದಿನೆಂಟು ತುಂಬುವುದರೊಳಗೆ ಹಾಕಬೇಕು. ಅದಕ್ಕೆ ಉಳಿದಿದ್ದದ್ದು ಕೆಲವೇ ತಿಂಗಳು. ಪುಕ್ಕಟೆ ವಕೀಲರ ಸರದಿ ಬರುವಷ್ಟರಲ್ಲಿ ದಿನ ಮೀರುತ್ತಿತ್ತು. ಹಾಗಾಗಿ ಅರ್ಜಿ ನಮ್ಮ ಮನೆಯಲ್ಲೇ ತಯಾರಾಗಬೇಕು ಎಂದಾಯಿತು. ಅಂಕಲ್ ಯಾವುದೋ ಹಳೇ ಸಾಮಾನಿನ ಅಂಗಡಿಯಿಂದ ಒಂದು ಮಡಚುವ ಮಂಚ ತಂದು ಬಾಗಿಲ ಹಿಂದೆ ನಿಲ್ಲಿಸಿದರು. ಅಲ್ಲಿಂದ ಮುಂದೆ ಆ ಬಾಗಿಲು ಕಾಲುಭಾಗ ಮಾತ್ರ ತೆರೆಯುತ್ತಿತ್ತು. ಅಷ್ಟು ಎತ್ತರದ ಮನುಷ್ಯ ದಿನಾ ಅಡ್ಡಡ್ಡ ತೂರಿಕೊಂಡು ಒಳಗೆ ಹೋಗುತ್ತಿದ್ದರು, ಅದನ್ನು ನೋಡಿ ನಾನು ನಗುತ್ತಿದ್ದೆ, ಅವರೂ ನಗುತ್ತಿದ್ದರು.

ಅರ್ಜಿ ಬರೆಯುವ ವಿದ್ಯೆ ನಮ್ಮ ಮನೆಯಲ್ಲಿ ಒಂದು ಪಂಥವೇ ಆಗಿತ್ತು. ಅಪ್ಪಯ್ಯ ಅದರ ಗುರುಗಳು. ಅವರ ಶಾಲೆಯ ಸರ್ಟಿಫಿಕೇಟಿನಲ್ಲಿ ಹೆಸರಿನ ಹಿಂದೆ ಊರಿನ ಒಂದಕ್ಷರ, ಪಾಸ್‌ಪೋರ್ಟಿನಲ್ಲಿ ಊರು ಪೂರ್ತಿ ಬಿಡಿಸಿ ಅದೇ ಮನೆತನದ ಹೆಸರಾಗಿ, ಮದುವೆ ಕಾಗದದಲ್ಲಿ ಊರೇ ಇಲ್ಲ. ಆ ಮೂವರೂ ಒಬ್ಬನೇ ಎಂದು ತೋರಿಸಲು ಅವರು ವರ್ಷಗಟ್ಟಲೆ ಒದ್ದಾಡಿದ್ದರು. ಅದರಿಂದ ಕಲಿತ ಪಾಠವನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಕಾಗದಗಳ ಜೊತೆಗೇ ಇಟ್ಟುಕೊಂಡಿದ್ದರೇನೋ, ಡಬ್ಬಿ ತೆರೆದಾಗಲೆಲ್ಲ ಹೊರಗೆ ಬರುತ್ತಿತ್ತು:

"ಕಾಗ್ದದಲ್ಲಿ ಕತೆ ಹೇಳೂಕಾಗ. ಕತೆ ಹೇಳಿರೆ ಅವ್ರ್ ಪ್ರಶ್ನೆ ಕೇಂತ್ರ್. ಎಲ್ಲಾ ಕಡೆ ಒಂದೇ ಹೆಸ್ರ್, ಒಂದೇ ಊರ್. ಮುಗೀತ್."

ಈ ಪಂಥದ ಲಿಪಿಕಾರಳು ನಾನು. ನನ್ನ ಅಕ್ಷರ ದುಂಡಗಿದ್ದದ್ದೇ ಕಾರಣ. ಜಿಪಿ ಡಾಕ್ಟರಿಗೆ, ಕೌನ್ಸಿಲ್‌ಗೆ, ಸ್ಕೂಲಿಗೆ, ಯಾವ ಫಾರ್ಮು ಬಂದರೂ ಶನಿವಾರ ಬೆಳಿಗ್ಗೆ ದೋಸೆ ಆದಮೇಲೆ ಟೇಬಲ್ ಒರೆಸಿ ನನ್ನನ್ನು ಕೂರಿಸುತ್ತಿದ್ದರು. ಹನ್ನೊಂದನೇ ವಯಸ್ಸಿಗೇ ನನಗೆ ನಾನೊಬ್ಬಳು ಮಂತ್ರಿ ಎನ್ನಿಸಿತ್ತು. ಪೆನ್ನಿನ ಮುಚ್ಚಳ ತೆಗೆಯುವ ಮೊದಲು ಎಲ್ಲರನ್ನೂ ಒಂದು ಸಲ ನೋಡಿ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ.

ಅಂಕಲ್‌ನ ಫಾರ್ಮಿಗೆ ಕೂತಾಗ ಅಪ್ಪಯ್ಯ ತಮ್ಮ ಮಂತ್ರ ಹೇಳಿದರು. ಅಂಕಲ್ ಒಪ್ಪಲಿಲ್ಲ.

"ಶೇಖರ್, ನನ್ನ ಮಗಳ ಜನನಪತ್ರದಲ್ಲಿ ಅಪ್ಪನ ಹೆಸರು ಬೇರೆ, ದೇಶದ ಹೆಸರೂ ಬೇರೆ. ಈ ದೇಶ ನನಗೆ ಕೊಟ್ಟ ಕಾಗದದಲ್ಲಿ ಬೇರೆ. ನಾನು ಹೇಳದಿದ್ದರೆ ಅವಳಿಗೆ ಇನ್ಯಾರೋ ಅಪ್ಪ ಇದ್ದಾನೆ ಅಂದುಕೊಳ್ತಾರೆ."

"ಆಯ್ತಪ್ಪ," ಎಂದರು ಅಪ್ಪಯ್ಯ, ಸೋತವರ ಹಾಗೆ. "ಒಂದೇ ಪುಟ. ಜಾಸ್ತಿ ಬೇಡ."

ಅಂಕಲ್ ಆ ಒಂದು ಪುಟ ಬರೆಯಲು ಎರಡು ವಾರ ತೆಗೆದುಕೊಂಡರು. ಅದು ನನಗೆ ಬಾಯಿಪಾಠವಾಗಿದೆ, ಯಾಕೆಂದರೆ ಅದು ಇಂದಿಗೂ ನನ್ನ ಹತ್ತಿರವೇ ಇದೆ:

"ನಾನು ಹುಟ್ಟಿದಾಗ ನನ್ನ ದೇಶದ ಹೆಸರು ಬೆಲ್ಜಿಯನ್ ಕಾಂಗೊ. ಅದಕ್ಕೂ ಮೊದಲು, ನನ್ನ ಅಜ್ಜನ ಕಾಲದಲ್ಲಿ, ಅದು ಬೆಲ್ಜಿಯಂ ರಾಜನೊಬ್ಬನ ಸ್ವಂತ ಆಸ್ತಿ. ಹೆಸರು ಮಾತ್ರ ಸ್ವತಂತ್ರ ರಾಜ್ಯ. ನನಗೆ ಐದು ವರ್ಷವಾದಾಗ ಅದು ಕಾಂಗೊ ಗಣರಾಜ್ಯವಾಯಿತು. ನದಿಯ ಆಚೆ ದಡದ ದೇಶವೂ ಅದೇ ಹೆಸರಿಟ್ಟುಕೊಂಡಿತು. ಆದ್ದರಿಂದ ಯಾವ ಕಾಂಗೊ ಎಂದು ತಿಳಿಯಲು ರಾಜಧಾನಿಯ ಹೆಸರನ್ನೂ ಸೇರಿಸಿ ಹೇಳಬೇಕಾಗುತ್ತಿತ್ತು. ಆಮೇಲೆ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ. ನಾನು ಹೈಸ್ಕೂಲಿನಲ್ಲಿದ್ದಾಗ ಜೈರ್. ಆಗ ನಮ್ಮ ಕ್ರೈಸ್ತ ಹೆಸರುಗಳನ್ನೂ ಬಿಡಬೇಕೆಂದು ಆಜ್ಞೆಯಾಯಿತು. ಎಮಿಲ್ ಕಬೇಯಾ ಆಗಿದ್ದ ನಾನು ಅಜ್ಜನ ಹೆಸರು ತೆಗೆದುಕೊಂಡು ಕಬೇಯಾ ಮುಲುಂಬಾ ಆದೆ. ಆ ಹೆಸರಿನಲ್ಲಿ ಮದುವೆಯಾದೆ. ಆ ಹೆಸರಿನಲ್ಲಿ ಬಿಲೋಂದಾಳ ತಂದೆಯಾದೆ. ಈಗ ದೇಶ ಮತ್ತೆ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ. ನಾನು ಮತ್ತೆ ಎಮಿಲ್. ಇಬ್ಬರೂ ನಾನೇ."

ಅದೇ ಹೊತ್ತಿಗೆ ನನ್ನ ಜೀವನದಲ್ಲೂ ಒಂದು ಮಹಾಯುದ್ಧ ನಡೆದಿತ್ತು. ಸ್ಕೂಲಿನಲ್ಲಿ ಒಬ್ಬೊಬ್ಬರೂ ಒಂದು ದೇಶದ ಬಗ್ಗೆ ಮಾತಾಡಬೇಕಿತ್ತು. ಉಳಿದವರೆಲ್ಲ ಫ್ರಾನ್ಸ್, ಜಪಾನ್ ಎನ್ನುವಾಗ ಬಚ್ಚಲಪಂಡಿತೆಯಾದ ನಾನು ಎದ್ದುನಿಂತು "ಜೈರ್" ಎಂದೆ. ಟೀಚರು ನಕ್ಷೆ ನೋಡಿ, ಮತ್ತೊಮ್ಮೆ ನೋಡಿ, "ಜೈರ್ ಅನ್ನುವ ದೇಶ ಇಲ್ಲ" ಎಂದರು. ಇಡೀ ಕ್ಲಾಸು ನಕ್ಕಿತು. ಅವತ್ತಿನವರೆಗೆ ಕ್ಲಾಸನ್ನು ನಗಿಸುತ್ತಿದ್ದವಳು ನಾನು. ನನ್ನನ್ನು ನೋಡಿ ಅವರಾಗಿಯೇ ನಕ್ಕದ್ದು ಅದೇ ಮೊದಲು. ಅದು ಬೇರೆ ಥರದ ನಗು. ನನಗೆ ಪುರಾವೆ ಬೇಕಾಗಿತ್ತು. ಪರದೆ ಬಿಚ್ಚಿಕೊಂಡು ಹೋಗಲು ನೋಡಿದೆ, ಅಮ್ಮ ಸೌಟು ತೋರಿಸಿದಳು. ಕೊನೆಗೆ ಗುರುವಾರ ಬೆಳಿಗ್ಗೆ ಟೇಬಲ್ ಮೇಲಿನ ಅರ್ಜಿಯ ಕಟ್ಟಿನಿಂದ ಅಂಕಲ್‌ನ ಪುಟ ಎಳೆದುಕೊಂಡು ಬ್ಯಾಗಿಗೆ ಹಾಕಿಕೊಂಡೆ. ಒಂದು ದಿನಕ್ಕೆ ಮಾತ್ರ. ಸಂಜೆ ವಾಪಸು ಇಡುವುದು.

ಓದಿದೆನೇ? ಕುಣಿದೆ ಎನ್ನಬೇಕು. ಒಂದೊಂದು ಹೆಸರಿಗೂ ಒಂದೊಂದು ದನಿ, ಒಂದೊಂದು ಟೊಪ್ಪಿ. ರಾಜನಾಗಿ ಹೊಟ್ಟೆ ಮುಂದೆ ಮಾಡಿ ನಡೆದೆ, ಜೈರ್ ಎಂದು ಹೆಸರಿಟ್ಟ ಚಿರತೆ ಟೊಪ್ಪಿಯ ದಂಡನಾಯಕನಾಗಿ "ಹೆಸರು ಬಿಡಿ!" ಎಂದು ಗುಡುಗಿದೆ, ಹೆಸರು ಕಳೆದುಕೊಂಡ ಮನುಷ್ಯನಾಗಿ ಡೆಸ್ಕಿನ ಕೆಳಗೆ ಹೆಸರು ಹುಡುಕಿದೆ. ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಈ ಸಲ ನನಗೆ ಬೇಕಾದ ನಗು. ಟೀಚರು ತಪ್ಪೊಪ್ಪಿಕೊಂಡು, ಆ ಪುಟದ ಮೇಲೆ ಬಂಗಾರದ ಬಣ್ಣದ ನಕ್ಷತ್ರ ಅಂಟಿಸಿ, ಗೋಡೆಗೆ ಪಿನ್ನು ಹೊಡೆದರು. ಟರ್ಮ್ ಮುಗಿಯುವವರೆಗೆ ಅಲ್ಲಿರಲಿ ಎಂದರು. ಅದು ಮನೆಗೆ ಬೇಕು ಎಂದು ಒಂದು ಮಾತು ಹೇಳಿದ್ದರೆ ತೆಗೆದುಕೊಡುತ್ತಿದ್ದರು. ಶುಕ್ರವಾರವಿಡೀ ಆ ಗೋಡೆಯ ಕೆಳಗೇ ಕೂತಿದ್ದೆ. ಹೇಳಲಿಲ್ಲ. ಗೋಡೆಯ ಮೇಲೆ ನಕ್ಷತ್ರ ಇದ್ದದ್ದು ನನ್ನದೊಂದಕ್ಕೇ.

ಶನಿವಾರ ಲಕೋಟೆ ಹೊರಡಬೇಕಿತ್ತು. ಕಟ್ಟು ಜೋಡಿಸುವುದು ಯಾವತ್ತೂ ನನ್ನ ಕೆಲಸ. ಅಪ್ಪಯ್ಯನ ಮಂತ್ರ ಆಗ ಎಷ್ಟು ಸಿಹಿಯಾಗಿ ನೆನಪಾಯಿತೆಂದರೆ! ಕಾಗದದಲ್ಲಿ ಕತೆ ಹೇಳಬಾರದು. ಎಲ್ಲ ಕಡೆ ಒಂದೇ ಹೆಸರು. ಫಾರ್ಮಿನಲ್ಲಿ ಹುಟ್ಟಿದ ದೇಶ, ಓದಿದ ದೇಶ, ಮದುವೆಯಾದ ದೇಶ, ಎಲ್ಲಕ್ಕೂ ದುಂಡಗೆ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ ಎಂದು ತುಂಬಿದೆ. ಬೇರೆ ಹೆಸರುಗಳಿವೆಯೇ ಎಂದು ಕೇಳಿದ ಜಾಗದಲ್ಲಿ "ಜೊತೆಗಿರುವ ಪುಟ ನೋಡಿ" ಎಂದು ಅಂಕಲ್ ಬರೆಯಲು ಹೇಳಿದ್ದರು. ಪುಟವೇ ಇಲ್ಲವಲ್ಲ, ಖಾಲಿ ಬಿಟ್ಟೆ. ನೋಡಲು ಎಷ್ಟು ಚೊಕ್ಕವಾಗಿತ್ತು ಗೊತ್ತಾ? ನಾನು ಬರೆದ ಫಾರ್ಮುಗಳಲ್ಲೆಲ್ಲ ಅತಿ ಸುಂದರವಾದದ್ದು ಅದೇ.

"ನನ್ನ ಪುಟ ಮೇಲೇ ಇದೆಯಾ?" ಎಂದು ಕೇಳಿದರು ಅಂಕಲ್.

"ಮೇಲೇ ಇದೆ," ಎಂದೆ.

ಅವರು ತೆರೆದು ನೋಡಲಿಲ್ಲ. ಅಜ್ಜಿ ಲಕೋಟೆಯನ್ನು ದೇವರ ಮುಂದಿಟ್ಟು, ಮೂಲೆಗೆ ಕುಂಕುಮ ಹಚ್ಚಿ, ಅಂಕಲ್‌ನ ಹಣೆಗೂ ಹಚ್ಚಿದಳು. ಕೋಟು, ಹಣೆಯಲ್ಲಿ ಕುಂಕುಮ, ಬಗಲಲ್ಲಿ ಲಕೋಟೆ, ಆ ವೇಷದಲ್ಲೇ ಅವರು ಅಂಚೆಗೆ ಹೋದರು. ಅಮ್ಮ ಪಾಯಸ ಮಾಡಿದ್ದಳು. ನಾನು ಎರಡು ಸಲ ಹಾಕಿಸಿಕೊಂಡೆ.

ಉತ್ತರ ಬಂದಾಗ ಬಿಲೋಂದಾಳಿಗೆ ಹದಿನೆಂಟು ತುಂಬಿ ಹನ್ನೊಂದು ದಿನ. ಜನನಪತ್ರದಲ್ಲಿರುವ ಮುಲುಂಬಾ ಎಂಬ ತಂದೆಗೂ ಅರ್ಜಿದಾರರಿಗೂ ಸಂಬಂಧ ಕಾಣುತ್ತಿಲ್ಲ ಎಂದಿತ್ತು. ಅಂಕಲ್ ಪತ್ರವನ್ನು ಎರಡು ಸಲ ಓದಿ ಟೇಬಲ್ ಮೇಲಿಟ್ಟು ಸವರಿದರು.

"ಅವರಿಗೆ ಅರ್ಥವಾಗಿಲ್ಲ. ನಾನು ಸರಿಯಾಗಿ ಬರೆದಿಲ್ಲ. ಬಹಳ ಉದ್ದವಾಯಿತು." ಆಮೇಲೆ ನನ್ನ ಕಡೆ ತಿರುಗಿ, "ನೀನು ಓದಿದ್ದೀಯಲ್ಲ, ಯಾವ ಭಾಗ ತೊಡಕಾಗಿತ್ತು?"

ಟರ್ಮ್ ಮುಗಿದು ಗೋಡೆಯಿಂದ ಇಳಿದಿದ್ದ ಆ ಪುಟ ಆಗ ನನ್ನ ಬ್ಯಾಗಿನೊಳಗಿತ್ತು, ನಕ್ಷತ್ರ ಸಮೇತ. ನಾನು ಸ್ವಲ್ಪ ಯೋಚಿಸಿದವಳ ಹಾಗೆ ಮಾಡಿ, "ಎರಡು ಕಾಂಗೊ ಬರುವಲ್ಲಿ," ಎಂದೆ. ಅವರು ತಲೆಯಾಡಿಸಿ, ಮೇಲ್ಮನವಿಗೆಂದು ನೆನಪಿನಿಂದಲೇ ಹೊಸದಾಗಿ ಬರೆದರು. ರಾಜನನ್ನು ತೆಗೆದರು, ನದಿಯ ಆಚೆ ದಡವನ್ನು ತೆಗೆದರು. ಪ್ರತಿ ಸಾಲಿಗೂ "ಇದು ಇರಲಾ?" ಎಂದು ನನ್ನನ್ನು ಕೇಳಿದರು. ನಾನು "ಇರಲಿ", "ಬೇಡ" ಎಂದು ಹೇಳುತ್ತ ಹೋದೆ. ನನ್ನ ಮೂರ್ಖತನಗಳನ್ನು ಉಬ್ಬಿಸಿ ಹೇಳುವುದು ನನ್ನ ಚಟ. ಇದೊಂದನ್ನು ಉಬ್ಬಿಸಿಲ್ಲ.

ಮೇಲ್ಮನವಿಗೆ ಬಂದ ಉತ್ತರ ಚಿಕ್ಕದು. ಅಂಕಲ್ ಊಟದ ಹೊತ್ತಿಗೆ ಎಲ್ಲರಿಗೂ ಗಟ್ಟಿಯಾಗಿ ಓದಿದರು. ಹೆಸರುಗಳು ಬದಲಾದ ಈ ವಿವರಣೆ ನಿಜವಾಗಿದ್ದರೆ ಮೊದಲ ಅರ್ಜಿಯಲ್ಲೇ ಹೇಳುತ್ತಿದ್ದಿರಿ. ಮೊದಲ ಅರ್ಜಿಯ ಜೊತೆ ಅಂಥ ಯಾವ ಪುಟವೂ ಇರಲಿಲ್ಲ. ಆದ್ದರಿಂದ ಇದನ್ನು ಆಮೇಲೆ ಕಟ್ಟಿದ್ದೆಂದು ಭಾವಿಸಲಾಗಿದೆ.

ಓದುವುದು ನಿಂತಿತು. ಅಂಕಲ್ ನನ್ನನ್ನು ನೋಡಿದರು. ಸಾರಿನ ಪಾತ್ರೆಯಿಂದ ಹಬೆ ಏಳುತ್ತಿತ್ತು. ಏನು ಮಾಡಿದೆ ನಾನು? ತಮಾಷೆ ಮಾಡಿದೆ. "ಪುಟಕ್ಕೂ ಹೆಸರು ಬದಲಾಗಿರಬೇಕು, ಅದಕ್ಕೇ ಅವರಿಗೆ ಸಿಕ್ಕಿಲ್ಲ," ಎಂದೆ. ಯಾರೂ ನಗಲಿಲ್ಲ.

"ಕಳ್ದ್ ಹಾಕಿದ್ರ್!" ಅಪ್ಪಯ್ಯ ತಟ್ಟೆ ಸರಿಸಿ ಎದ್ದರು. "ಆಫೀಸಿನವ್ರೇ ಕಳ್ದ್ ಹಾಕಿದ್ರ್ ಮರಾಯ್ರೆ! ನಮ್ ಹುಡ್ಗಿ ಮೇಲೇ ಇಟ್ಟಿತ್ತಲ್ದ!" ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಅಂಕಲ್‌ಗೆ ಹೇಳಿದರು.

ಅಂಕಲ್ ಇನ್ನೂ ನನ್ನನ್ನೇ ನೋಡುತ್ತಿದ್ದರು. ಸಿಟ್ಟೇನೂ ಇರಲಿಲ್ಲ. ಬಸ್ಸು ಹೋದಮೇಲೆ ಖಾಲಿ ರಸ್ತೆಯನ್ನು ನೋಡುವ ಹಾಗೆ.

"ಹೌದು ಶೇಖರ್," ಎಂದರು. "ಆಫೀಸಿನವರು ಕಾಗದ ಕಳೆಯುತ್ತಾರೆ."

ಪತ್ರ ಮಡಚಿ ಕೋಟಿನ ಜೇಬಿಗಿಟ್ಟುಕೊಂಡು, ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡರು. ಮಾರನೇ ಬೆಳಿಗ್ಗೆ ಮೆಟ್ಟಿಲಲ್ಲಿ ಅಜ್ಜಿ "ಬೆಲ್ಜಿಯಂ ಕಾಂಗೊ" ಎಂದರೆ ಅವರು "ಮದ್ರಾಸ್" ಎಂದರು, ನಕ್ಕರು ಕೂಡ. ನನಗೆ "ಗುಡ್ ಮಾರ್ನಿಂಗ್" ಎಂದರು. ಅದುವರೆಗೆ ಅವರು ನನಗೆ ಯಾವತ್ತೂ ಗುಡ್ ಮಾರ್ನಿಂಗ್ ಹೇಳಿರಲಿಲ್ಲ, ಜಡೆ ಎಳೆಯುತ್ತಿದ್ದರು.

ವಕೀಲರ ಸರದಿ ಕೊನೆಗೂ ಬಂದು, ರಕ್ತಪರೀಕ್ಷೆಯಿಂದ ಅಪ್ಪ ಮಗಳು ಎಂದು ತೋರಿಸಬಹುದು ಎಂದು ಅವರು ಹೇಳುವ ಹೊತ್ತಿಗೆ ದೊಡ್ಡಮ್ಮ ತೀರಿಹೋಗಿದ್ದರು. ಬಿಲೋಂದಾ ಯಾರದೋ ಜೊತೆ ನದಿ ದಾಟಿ ಇನ್ನೊಂದು ಕಾಂಗೊಗೆ ಹೋದಳೆಂದು ಸುದ್ದಿ. ಭಾನುವಾರ ಅಂಕಲ್ ನಂಬರು ಒತ್ತಿ, ಕಿವಿಗಿಟ್ಟುಕೊಂಡು, ಇಳಿಸುತ್ತಿದ್ದರು. ಎರಡು ತಿಂಗಳಾದ ಮೇಲೆ ಕೆಲಸ ಬಿಟ್ಟು ಉತ್ತರದ ಯಾವುದೋ ಊರಿಗೆ ಹೊರಟರು. ಅಮ್ಮ ಒಣ ಸಿಗಡಿಯ ಡಬ್ಬಿಯನ್ನೇ ಕೊಟ್ಟುಬಿಟ್ಟಳು. ಮಡಚುವ ಮಂಚ ಅವರು ಒಯ್ಯಲಿಲ್ಲ. ಆ ಕೋಣೆ ನನಗೆ ಸಿಕ್ಕಿತು. ಆರು ವರ್ಷ ಆ ಮಂಚದ ಮೇಲೆ ಮಲಗಿದೆ. ಮಂಚ ಚೆನ್ನಾಗಿಯೇ ಇತ್ತು, ಯಾರೂ ಬಳಸಿರಲಿಲ್ಲವಲ್ಲ.

ಈಗ ಅಜ್ಜಿ ಇಲ್ಲ. ಅವಳ ಕನ್ನಡ ನನ್ನ ಬಾಯಿಗೆ ಬಂದದ್ದು ತಡವಾಗಿ. ದೀಪಾವಳಿಗೆ ವೆಂಬ್ಲಿಯಲ್ಲಿ ಬಾಡಿಗೆ ಹಾಲ್ ಹಿಡಿದು ಕನ್ನಡದವರೆಲ್ಲ ಸೇರಿದಾಗ ನನಗೆ ಮೈಕು ಕೊಡುತ್ತಾರೆ. ಬಚ್ಚಲಿನ ಪರದೆಯ ಕತೆ ಹೇಳುತ್ತೇನೆ, ಟೊಪ್ಪಿ ಬದಲಿಸುವ ದೇಶದ ಕತೆ ಹೇಳುತ್ತೇನೆ. ಧಾರವಾಡದವರೂ ಬೆಂಗಳೂರಿನವರೂ ನಮ್ಮ ಕಡೆಯವರೂ ಒಟ್ಟಿಗೆ ನಗುತ್ತಾರೆ. ನಕ್ಷತ್ರ ಸಿಕ್ಕಿತು ಎನ್ನುವಲ್ಲಿಗೆ ನಿಲ್ಲಿಸಿ ಕೈಮುಗಿಯುತ್ತೇನೆ. ಆ ನಕ್ಷತ್ರವನ್ನು ಕೀಳಲು ನೋಡಿದ್ದೇನೆ. ಹೇರ್ ಡ್ರೈಯರ್ ಹಿಡಿದೆ, ಉಗುರಿನಿಂದ ಎಬ್ಬಿಸಿದೆ. ಅದು ಕೊನೆಯ ಸಾಲಿಗೆ ಅಂಟಿದೆ. ಅಕ್ಷರಗಳೂ ಜೊತೆಗೇ ಏಳುತ್ತವೆ.

ಹೋದ ವರ್ಷ ಕಾರ್ಖಾನೆಯ ಹಳೇ ಪರಿಚಯದವರೊಬ್ಬರು ಅಪ್ಪಯ್ಯನಿಗೆ ಹೇಳಿದರು, ಎಮಿಲ್ ತೀರಿಹೋದರಂತೆ, ಒಬ್ಬರೇ ಇದ್ದರಂತೆ. ಅಪ್ಪಯ್ಯ ಸಂಜೆ ಊಟಕ್ಕೆ ಕೂತು ಅನ್ನ ಕಲಸಿದರು. ಆಮೇಲೆ, ವರ್ಷಕ್ಕೆ ನಾಲ್ಕಾರು ಸಲ ಹೇಳುವುದನ್ನೇ ಮತ್ತೆ ಹೇಳಿದರು:

"ಆ ಕಾಗ್ದ ಕಳ್ದವ್ರಿಗೆ ಯಾವತ್ತೂ ಒಳ್ಳೇದಾಪುಕಿಲ್ಲ, ಹೆಣೆ. ಕಾಣ್ತಾ ಇರ್."

"ಹೌದ್ ಅಪ್ಪಯ್ಯ," ಎಂದೆ. "ಇನ್ನೊಂಚೂರ್ ಸಾರ್ ಹಾಕ್ಲಾ?"